ಎಲ್ಲ ಕಳೆದು ಕೈಗೆ ಎಷ್ಟು?

ಸಾಗರದ ಅಡಿಕೆ ಮಂಡಿಯಿಂದ ಮನೆಗೆ ಬಂದ ಅಪ್ಪ ಜೇಬಿನಿಂದ ಮಾರಾಟದ ಪಟ್ಟಿಯನ್ನು ತೆಗೆದು ಜಗಲಿಯ ಮೇಲೆ ಹರಡುತ್ತಿದ್ದರು. ಕ್ವಿಂಟಲಿಗೆ ಇಂತಿಷ್ಟು ಧಾರಣೆ ಎಂದು ಮೇಲ್ಗಡೆ ದೊಡ್ಡದಾಗಿ ಬರೆದಿರುತ್ತಿತ್ತು. ಅವರ ಕಣ್ಣು ಅಲ್ಲಿ ನಿಲ್ಲುತ್ತಿರಲಿಲ್ಲ, ನೇರವಾಗಿ ಕೆಳಗಿನ ಸಾಲುಗಳಿಗೆ ಇಳಿಯುತ್ತಿತ್ತು. ಗೋಣಿಚೀಲದ ತೂಕಕ್ಕೆ ಕಳೆದದ್ದು, ಹಮಾಲಿ, ತೂಕದ ಕೂಲಿ, ದಲಾಲಿ, ಮಳೆಗಾಲದಲ್ಲಿ ತಂದ ಮುಂಗಡಕ್ಕೆ ಬಡ್ಡಿ. ಪಕ್ಕದ ತೋಟದವರು ಬಂದು "ಈ ಸಲ ರಾಶಿ ಎಷ್ಟಕ್ಕೆ ಹೋಯಿತು?" ಎಂದು ಕೇಳಿದರೆ ಅಪ್ಪ ಧಾರಣೆಯನ್ನು ಹೇಳುತ್ತಿರಲಿಲ್ಲ. "ಎಲ್ಲ ಕಳೆದು ಕೈಗೆ ಇಷ್ಟು ಬಂತು" ಎನ್ನುತ್ತಿದ್ದರು. ಧಾರಣೆ ಎನ್ನುವುದು ಊರಿಗೆ ಹೇಳುವ ಮಾತು, ಕೈಗೆ ಬಂದದ್ದು ಮನೆಯ ಮಾತು ಎಂಬುದು ಅವರ ತಿಳಿವಳಿಕೆ.

ಇದನ್ನು ನೋಡುತ್ತಲೇ ಬೆಳೆದ ನಾನು ಬೆಂಗಳೂರಿಗೆ ಬಂದು, ಕೆಲಸಕ್ಕೆ ಸೇರಿ, 2016ರಲ್ಲಿ ಕಚೇರಿಯ ಕೆಲಸದ ಮೇಲೆ ಮೊದಲ ಬಾರಿಗೆ ಜರ್ಮನಿಗೆ ಹೋದಾಗ ಅದನ್ನು ಪೂರ್ತಿಯಾಗಿ ಮರೆತಿದ್ದೆ. ಫ್ರಾಂಕ್‌ಫರ್ಟ್‌ನಲ್ಲಿ ರಾತ್ರಿ ಇಳಿದು, ಕೈಯಲ್ಲಿ ಚಿಲ್ಲರೆ ಇಲ್ಲವೆಂದು ಅಲ್ಲಿದ್ದ ಒಂದು ಎಟಿಎಂಗೆ ಕಾರ್ಡು ತೂರಿಸಿ 300 ಯೂರೋ ಕೇಳಿದೆ. ಯಂತ್ರ ನನ್ನ ಕಾರ್ಡು ಭಾರತದ್ದೆಂದು ಗುರುತಿಸಿ, ಇದು ರೂಪಾಯಿಯಲ್ಲಿ ಇಷ್ಟಾಗುತ್ತದೆ ಎಂದು ಒಂದು ಮೊತ್ತ ತೋರಿಸಿತು. ಕೆಳಗೆ ಎರಡು ಗುಂಡಿಗಳು. ಒಂದು, ಪರಿವರ್ತನೆಯನ್ನು ಒಪ್ಪುತ್ತೇನೆ. ಇನ್ನೊಂದು, ಪರಿವರ್ತನೆಯನ್ನು ನಿರಾಕರಿಸುತ್ತೇನೆ. ನಿರಾಕರಿಸಿದರೆ ಹಣವೇ ಬರಲಿಕ್ಕಿಲ್ಲ, ಕಾರ್ಡು ಒಳಗೇ ಉಳಿದುಬಿಟ್ಟರೆ ಗತಿ ಏನು ಎಂದು ಹೆದರಿ ಒಪ್ಪಿಗೆಯ ಗುಂಡಿ ಒತ್ತಿದೆ. ಆ ದಿನದ ದರದಲ್ಲಿ 300 ಯೂರೋಗೆ ಸುಮಾರು 22,400 ರೂಪಾಯಿ ಆಗಬೇಕಿತ್ತು. ನನ್ನ ಖಾತೆಯಿಂದ ಹೋದದ್ದು 25,000. ಎರಡೂವರೆ ಸಾವಿರಕ್ಕೂ ಹೆಚ್ಚು ರೂಪಾಯಿ ಒಂದು ಬೆರಳೊತ್ತಿಗೆ ಹೋಯಿತು. ಅದು ಹೋದದ್ದು ಎಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು, ಏಕೆಂದರೆ ಬ್ಯಾಂಕಿನ ವಿವರಪಟ್ಟಿಯಲ್ಲಿ ಎಲ್ಲಿಯೂ 'ಶುಲ್ಕ' ಎಂಬ ಪದ ಇರಲಿಲ್ಲ. ಶುಲ್ಕ ಧಾರಣೆಯ ಒಳಗೆ ಕೂತಿತ್ತು.

ವಿದೇಶ ಪ್ರವಾಸದ ಹಣದ ವಿಷಯದಲ್ಲಿ ನನಗೆ ಗೊತ್ತಿರುವುದರ ತಿರುಳು ಇಷ್ಟೇ. ಕಾಣುವ ಶುಲ್ಕ ಯಾವಾಗಲೂ ಸಣ್ಣದು, ಕಾಣದ ಶುಲ್ಕ ದರದೊಳಗೆ ಇರುತ್ತದೆ. ಡಾಲರಿಗೋ ಯೂರೋಗೋ ಬ್ಯಾಂಕುಗಳು ತಮ್ಮತಮ್ಮಲ್ಲಿ ಕೊಟ್ಟು ಕೊಳ್ಳುವ ಒಂದು ದರ ಇದೆ. ಫೋನಿನಲ್ಲಿ ಹುಡುಕಿದರೆ ಕಾಣುವುದು ಅದೇ. ನಮ್ಮಂಥವರಿಗೆ ಆ ದರದಲ್ಲಿ ಯಾರೂ ಕೊಡುವುದಿಲ್ಲ, ಕೊಡಬೇಕೆಂದೂ ಇಲ್ಲ, ಅಂಗಡಿ ಇಟ್ಟವರು ಬದುಕಬೇಕು. ಆದರೆ ಆ ದರವನ್ನು ತಿಳಿಯದೆ ಅಂಗಡಿಯ ಮುಂದೆ ನಿಲ್ಲುವವನು ಶಿವಮೊಗ್ಗದ ಆ ದಿನದ ಧಾರಣೆ ಕೇಳದೆ ಅಡಿಕೆ ಮೂಟೆ ಹೇರಿಕೊಂಡು ಹೊರಟವನ ಹಾಗೆ.

ಫ್ರಾಂಕ್‌ಫರ್ಟ್‌ನ ಆ ಯಂತ್ರ ಮಾಡಿದ್ದು ಕಾನೂನಿಗೆ ವಿರುದ್ಧವಾದದ್ದೇನಲ್ಲ. ನಮ್ಮ ಹಣವನ್ನು ನಮ್ಮ ಬ್ಯಾಂಕಿನ ಬದಲು ಆ ಯಂತ್ರದವರೇ, ತಮಗೆ ಬೇಕಾದ ದರದಲ್ಲಿ, ಅಲ್ಲೇ ಪರಿವರ್ತಿಸುವ ವ್ಯವಸ್ಥೆ ಅದು. ಅಂಗಡಿಗಳ ಕಾರ್ಡು ಯಂತ್ರಗಳಲ್ಲೂ ಇದೆ. ನಿರಾಕರಿಸಿದರೆ ಹಣ ನಿಲ್ಲುವುದಿಲ್ಲ, ವ್ಯವಹಾರ ಸ್ಥಳೀಯ ಹಣದಲ್ಲಿಯೇ ನಡೆಯುತ್ತದೆ, ಅಷ್ಟೆ. ಐರೋಪ್ಯ ಒಕ್ಕೂಟ 2019ರಲ್ಲಿ ಒಂದು ನಿಯಮ ತಂದು, 2020ರ ಏಪ್ರಿಲ್‌ನಿಂದ ಇಂಥ ಪರಿವರ್ತನೆಯ ದರವು ಐರೋಪ್ಯ ಕೇಂದ್ರ ಬ್ಯಾಂಕಿನ ದರಕ್ಕಿಂತ ನೂರಕ್ಕೆ ಎಷ್ಟು ಹೆಚ್ಚು ಎಂಬುದನ್ನು ಒಕ್ಕೂಟದ ಒಳಗಿನ ಹಣಗಳಿಗಾದರೂ ಗ್ರಾಹಕರಿಗೆ ಮೊದಲೇ ತಿಳಿಸಬೇಕು ಎಂದಿತು. ದರದೊಳಗೆ ಕೂತಿದ್ದನ್ನು ಹೊರಗೆ ಕರೆದು ಎಲ್ಲರ ಮುಂದೆ ನಿಲ್ಲಿಸಿದ ಆ ನಿಯಮದ ಬಗ್ಗೆ ನನಗೆ ಗೌರವವಿದೆ. ರೂಪಾಯಿಯ ಕಾರ್ಡು ಹಿಡಿದವರಿಗೂ, ಎಲ್ಲ ದೇಶಗಳಲ್ಲೂ ಅಂಥದ್ದು ಬರಬೇಕು.

ಕಳೆದ ವರ್ಷ, ಎಂದರೆ 2025ರ ಫೆಬ್ರುವರಿಯಲ್ಲಿ, ಅಪ್ಪ ಅಮ್ಮನನ್ನು ವಿಯೆಟ್ನಾಮಿಗೆ ಕರೆದುಕೊಂಡು ಹೋದೆ. ಕೊಯ್ಲು ಮುಗಿದು, ಅಡಿಕೆ ಬೇಯಿಸಿ ಒಣಗಿಸಿ ಆದಮೇಲೆ ಮಾತ್ರ ಅಪ್ಪ ಮನೆ ಬಿಟ್ಟು ಬರುತ್ತಾರೆ. ಹಾಗಾಗಿ ಫೆಬ್ರುವರಿ. ಬೆಂಗಳೂರಿನಿಂದ ಹೋ ಚಿ ಮಿನ್ ಸಿಟಿಗೆ ದೂರ ಹೆಚ್ಚಿಲ್ಲ, ಖರ್ಚು ಯೂರೋಪಿನಷ್ಟಿಲ್ಲ. ಹಣದ ಜವಾಬ್ದಾರಿ ನನ್ನದು ಎಂದು ಮೊದಲೇ ಹೇಳಿದ್ದೆ. ಅಪ್ಪ "ಆಗಲಿ, ಲೆಕ್ಕ ಮಾತ್ರ ನಾನು ಬರೆಯುತ್ತೇನೆ" ಎಂದು ಹಳೆಯ ಒಂದು ಬೌಂಡ್ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡರು. ಎಡಗಡೆ ಖರ್ಚು. ಬಲಗಡೆ ಒಂದು ಸಣ್ಣ ಕಾಲಂ ಎಳೆದು ಮೇಲೆ 'ಧಾರಣೆಯಲ್ಲಿ ಹೋದದ್ದು' ಎಂದು ಬರೆದರು.

ಆ ಕಾಲಂನಲ್ಲಿ ಮೊದಲ ಅಂಕಿ ನಾವು ಮನೆ ಬಿಡುವ ಮೊದಲೇ ಬಿತ್ತು. ವಿಯೆಟ್ನಾಮಿನ ಇ-ವೀಸಾಕ್ಕೆ ಒಬ್ಬರಿಗೆ 25 ಡಾಲರ್, ಮೂವರಿಗೆ 75. ಆಗ ಡಾಲರ್ 87 ರೂಪಾಯಿಯ ಆಸುಪಾಸಿನಲ್ಲಿತ್ತು, 6,525 ರೂಪಾಯಿ ಆಗಬೇಕು. ನನ್ನ ಸಾಮಾನ್ಯ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದೆ. ನಮ್ಮ ದೇಶದ ಹೆಚ್ಚಿನ ಕ್ರೆಡಿಟ್ ಕಾರ್ಡುಗಳಲ್ಲಿ ವಿದೇಶಿ ಹಣದ ವ್ಯವಹಾರಕ್ಕೆ ನೂರಕ್ಕೆ ಮೂರೂವರೆ ರೂಪಾಯಿ ಮೇಲೆ ಹಾಕುತ್ತಾರೆ. ಆ ಮೂರೂವರೆಯ ಮೇಲೆ ಶೇಕಡಾ 18 ಜಿಎಸ್‌ಟಿ. ಎರಡೂ ಸೇರಿದರೆ ನೂರಕ್ಕೆ 4 ರೂಪಾಯಿ 13 ಪೈಸೆ. ನಮಗೆ ಬಿದ್ದದ್ದು 269 ರೂಪಾಯಿ. ಅಪ್ಪ ಅದನ್ನು ಬರೆದುಕೊಂಡು, "ಈ ಮೂರೂವರೆ ಎಲ್ಲ ಕಾರ್ಡಿನಲ್ಲೂ ಇದೆಯೇ?" ಎಂದು ಕೇಳಿದರು. ಇಲ್ಲ. ಕೆಲವು ಬ್ಯಾಂಕುಗಳ ಕೆಲವು ಕಾರ್ಡುಗಳಲ್ಲಿ ಎರಡು ಇದೆ, ಕೆಲವಲ್ಲಿ ಸೊನ್ನೆ ಇದೆ. ನಾನು ಮನೆ ಸಾಲಕ್ಕೆ ಹತ್ತು ಬ್ಯಾಂಕು ಸುತ್ತಿದವಳು, ಕಾರ್ಡಿಗೆ ಮಾತ್ರ ಸಂಬಳದ ಖಾತೆಯ ಬ್ಯಾಂಕು ಕೊಟ್ಟದ್ದನ್ನೇ ಒಂಬತ್ತು ವರ್ಷ ಇಟ್ಟುಕೊಂಡಿದ್ದೆ. ಅಪ್ಪನ ಆ ಒಂದು ಪ್ರಶ್ನೆಯ ಮರುದಿನವೇ ವಿದೇಶಿ ವ್ಯವಹಾರಕ್ಕೆ ಹೆಚ್ಚುವರಿ ಶುಲ್ಕವಿಲ್ಲದ ಕಾರ್ಡಿಗೆ ಅರ್ಜಿ ಹಾಕಿದೆ. ಹೊರಡುವುದಕ್ಕೆ ನಾಲ್ಕು ದಿನ ಇರುವಾಗ ಅದು ಕೈಗೆ ಬಂತು. ಹೊಸ ಕಾರ್ಡು ಮೊದಲಿಗೆ ನಮ್ಮ ದೇಶದೊಳಗೆ ಮಾತ್ರ ನಡೆಯುತ್ತದೆ. ವಿದೇಶದ ಬಳಕೆಯನ್ನು ನಾವೇ ಬ್ಯಾಂಕಿನ ಆ್ಯಪ್‌ನಲ್ಲಿ ತೆರೆಯಬೇಕು, ಮಿತಿ ಹಾಕಬೇಕು. ರಿಸರ್ವ್ ಬ್ಯಾಂಕು 2020ರಲ್ಲಿ ಮಾಡಿದ ಈ ನಿಯಮ ಒಳ್ಳೆಯದು. ಮರೆತು ವಿಮಾನ ಹತ್ತಿದರೆ ಮಾತ್ರ ತೊಂದರೆ.

ನಗದಿನ ಮಾತು ಬೇರೆ. ವಿಯೆಟ್ನಾಮಿನ ಹಣ ಡಾಂಗ್, ಅದು ನಮ್ಮಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಸಿಕ್ಕರೂ ದರ ಬಹಳ ಕೆಟ್ಟದು. ಡಾಲರ್ ಒಯ್ದು ಅಲ್ಲಿ ಬದಲಾಯಿಸುವುದೇ ಲೇಸು. ಎರಡು ಸಲ ಬದಲಾಯಿಸಿದರೆ ಎರಡು ಸಲ ನಷ್ಟವಲ್ಲವೇ ಎಂದು ಅಮ್ಮ ಕೇಳಿದ್ದು ಸರಿಯಾದ ಪ್ರಶ್ನೆ. ಆದರೆ ಯಾರೂ ಕೇಳದ ಹಣಕ್ಕೆ ಅಂಗಡಿಯವನು ಇಡುವ ಒಂದು ದೊಡ್ಡ ಅಂತರಕ್ಕಿಂತ, ಎಲ್ಲರೂ ಕೇಳುವ ಹಣದ ಎರಡು ಸಣ್ಣ ಅಂತರಗಳು ಸೇರಿದರೂ ಕಡಿಮೆಯೇ. ಒಬ್ಬ ಪ್ರವಾಸಿ ಒಂದು ಪ್ರಯಾಣಕ್ಕೆ 3,000 ಡಾಲರ್‌ವರೆಗೆ ನೋಟುಗಳನ್ನು ಒಯ್ಯಬಹುದು. ನಮಗೆ ಸಾವಿರ ಸಾಕು ಎಂದುಕೊಂಡೆವು.

ಮೂರು ಕಡೆ ವಿಚಾರಿಸಿದೆವು. ವಿಮಾನ ನಿಲ್ದಾಣದ ಕೌಂಟರಿನ ದರ ಡಾಲರಿಗೆ 93 ರೂಪಾಯಿ. ನಗರದ ಮಧ್ಯದ ಒಂದು ಅಂಗಡಿಯ ಗಾಜಿನ ಮೇಲೆ 'ಕಮಿಷನ್ ಇಲ್ಲ' ಎಂದು ದೊಡ್ಡ ಅಕ್ಷರ, ದರ 89 ರೂಪಾಯಿ 60 ಪೈಸೆ. ಜಯನಗರದ ಒಂದು ಸಣ್ಣ ಕಚೇರಿಯಲ್ಲಿ ದರ 87 ರೂಪಾಯಿ 90 ಪೈಸೆ, ಜೊತೆಗೆ 200 ರೂಪಾಯಿ ಸೇವಾ ಶುಲ್ಕ. ಫೋನಿನಲ್ಲಿ ಕಾಣುತ್ತಿದ್ದ ದರ 87. ನಾನು ಕಾಗದದಲ್ಲಿ ಬರೆಯುವ ಮೊದಲೇ ಅಪ್ಪ ಮೂರೂ ಕಡೆ ಒಂದೇ ಪ್ರಶ್ನೆ ಕೇಳಿದರು: "ಸಾವಿರ ಡಾಲರ್ ನನ್ನ ಕೈಗೆ ಕೊಡಲು ಎಲ್ಲ ಸೇರಿ ನನ್ನಿಂದ ಎಷ್ಟು ತೆಗೆದುಕೊಳ್ಳುತ್ತೀರಿ?" ದರ ಎಷ್ಟು ಎಂದಲ್ಲ, ಕಮಿಷನ್ ಎಷ್ಟು ಎಂದಲ್ಲ. ಆ ಪ್ರಶ್ನೆಗೆ ಒಂದೇ ಅಂಕಿಯ ಉತ್ತರ ಇರುತ್ತದೆ, ಅದರ ಹಿಂದೆ ಏನನ್ನೂ ಅಡಗಿಸಲಿಕ್ಕಾಗುವುದಿಲ್ಲ. ಕಮಿಷನ್ ಇಲ್ಲದ ಅಂಗಡಿ 89,761 ಎಂದಿತು. ಕಮಿಷನ್ ಇದ್ದ ಕಚೇರಿ 88,258 ಎಂದಿತು. ಹಣ ಬದಲಾವಣೆಯ ಮೇಲೂ ಜಿಎಸ್‌ಟಿ ಇದೆ, ಆದರೆ ಅದು ಪೂರ್ತಿ ಮೊತ್ತದ ಮೇಲೆ ಅಲ್ಲ. ಒಂದು ಲಕ್ಷದವರೆಗೆ ಮೊತ್ತದ ಶೇಕಡಾ ಒಂದನ್ನು ಸೇವೆಯ ಬೆಲೆ ಎಂದು ಹಿಡಿದು ಅದರ ಮೇಲೆ ಶೇಕಡಾ 18 ಹಾಕುತ್ತಾರೆ. ಸಾವಿರ ಡಾಲರಿಗೆ ನೂರ ಅರವತ್ತು ರೂಪಾಯಿಯ ಹತ್ತಿರ, ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ. ಅದು ಚೌಕಾಸಿಯ ಜಾಗವಲ್ಲ. ಧಾರಣೆಯೇ ಚೌಕಾಸಿಯ ಜಾಗ.

ಜಯನಗರದ ಆ ಕಚೇರಿಗೆ ಅಪ್ಪ ತೊಂಬತ್ತು ಸಾವಿರ ನಗದು ತಂದಿದ್ದರು. ಐವತ್ತು ಸಾವಿರ ಮುಟ್ಟಿದ ಮೇಲೆ ನಗದು ತೆಗೆದುಕೊಳ್ಳುವಂತಿಲ್ಲ, ಬ್ಯಾಂಕಿನ ಮೂಲಕವೇ ಆಗಬೇಕು ಎಂದರು, ನನ್ನ ಖಾತೆಯಿಂದ ಕಳಿಸಿದೆ. ಪಾಸ್‌ಪೋರ್ಟು, ಪ್ಯಾನ್, ಟಿಕೆಟ್ಟು ಎಲ್ಲ ನೋಡಿದರು. ಒಂಬತ್ತು ನೂರರ ನೋಟುಗಳು, ಉಳಿದ ನೂರು ಡಾಲರಿಗೆ ಇಪ್ಪತ್ತರ ಚಿಲ್ಲರೆ. ಅಪ್ಪ ಒಂದೊಂದು ನೋಟನ್ನೂ ಬೆಳಕಿಗೆ ಹಿಡಿದು ನೋಡಿದರು. ಒಂದರ ಮೂಲೆಯಲ್ಲಿ ಸಣ್ಣ ಶಾಯಿ ಮುದ್ರೆ ಇತ್ತು. "ಇದನ್ನು ಬದಲಿಸಿಕೊಡಿ" ಎಂದರು. ಎಲ್ಲ ಕಡೆ ನಡೆಯುತ್ತದೆ ಎಂದು ಕೌಂಟರಿನ ಹುಡುಗ ಹೇಳಿದ. ಅಪ್ಪ ಕೈ ಚಾಚಿಕೊಂಡೇ ನಿಂತರು. ಬದಲಿಸಿ ಕೊಟ್ಟ. ಒಂದು ವಾರದ ನಂತರ ಹೋ ಚಿ ಮಿನ್ ಸಿಟಿಯ ಬ್ಯಾಂಕಿನಲ್ಲಿ ನಮ್ಮ ಮುಂದಿದ್ದವರ ನೂರರ ನೋಟನ್ನು ಪೆನ್ನಿನ ಗೀಟು ಇದೆ ಎಂಬ ಕಾರಣಕ್ಕೆ ಹಿಂದಿರುಗಿಸುವುದನ್ನು ನೋಡಿದೆವು. ಅಲ್ಲಿ ನೋಟು ಗರಿಗರಿಯಾಗಿರಬೇಕು, ಮಡಿಕೆ ಗೀಟು ಮುದ್ರೆ ಏನೂ ಇರಬಾರದು. ನೂರರ ನೋಟಿಗೆ ಸಿಗುವ ದರ ಸಣ್ಣ ನೋಟಿಗೆ ಸಿಗುವುದಿಲ್ಲ.

ಡಾಲರ್ ಎಣಿಸುತ್ತ ಅಪ್ಪನಿಗೆ ಹಳೆಯ ನೆನಪು ಬಂತು. ಎಪ್ಪತ್ತರ ದಶಕದ ಆರಂಭದಲ್ಲಿ ನಮ್ಮೂರಿನ ಹತ್ತಿರದ ಒಬ್ಬರು ಓದಲು ಅಮೆರಿಕಕ್ಕೆ ಹೋದಾಗ ಕೈಯಲ್ಲಿದ್ದದ್ದು ಎಂಟು ಡಾಲರ್. ಆ ಕಾಲದಲ್ಲಿ ದೇಶ ಬಿಡುವವರಿಗೆ ಸರ್ಕಾರ ಅಷ್ಟನ್ನೇ ಕೊಡುತ್ತಿತ್ತು. ವಿದೇಶಿ ವಿನಿಮಯ ಎಂದರೆ ರೇಷನ್ ಸಕ್ಕರೆಯ ಹಾಗೆ, ಅಳೆದು ಕೊಡುವ ವಸ್ತು. 1973ರ ಫೆರಾ ಎಂಬ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ ಅದನ್ನು ಇನ್ನೂ ಬಿಗಿ ಮಾಡಿತು. ಅದರ ಜಾಗಕ್ಕೆ 1999ರ ಫೆಮಾ ಕಾಯ್ದೆ ಬಂದು ಗಂಟು ಸಡಿಲವಾಯಿತು, 2004ರಲ್ಲಿ ಒಬ್ಬರು ವರ್ಷಕ್ಕೆ 25,000 ಡಾಲರ್ ಹೊರಗೆ ಕಳಿಸಬಹುದು ಎಂದಾಯಿತು. ಈಗ ಆ ಮಿತಿ ಎರಡೂವರೆ ಲಕ್ಷ ಡಾಲರ್. ಇಷ್ಟು ಸ್ವಾತಂತ್ರ್ಯ ನಮ್ಮ ಕೈಗೆ ಬಂದು ಹೆಚ್ಚು ಕಾಲವಾಗಿಲ್ಲ. ಅದಕ್ಕೇ ಇರಬೇಕು, ಡಾಲರ್ ಕೌಂಟರಿನ ಮುಂದೆ ನಮ್ಮವರು ಇವತ್ತಿಗೂ ಕೇಳಲು ಸಂಕೋಚಪಡುತ್ತಾರೆ, ಕೊಟ್ಟಷ್ಟನ್ನು ತೆಗೆದುಕೊಂಡು ಬರುತ್ತಾರೆ. ತರಕಾರಿ ಅಂಗಡಿಯಲ್ಲಿ ಎರಡು ರೂಪಾಯಿಗೆ ವಾದ ಮಾಡುವ ನಾವು ಇಲ್ಲಿ, ವಿಮಾನ ನಿಲ್ದಾಣದ ದರದಲ್ಲಿ ಸಾವಿರ ಡಾಲರಿಗೆ ಹೋಗುವ ಆರು ಸಾವಿರಕ್ಕೆ ಸುಮ್ಮನಿರುತ್ತೇವೆ. ನನಗೆ ಇದು ನಿಜವಾಗಿ ನೋವಿನ ಸಂಗತಿ. ಆ ಆರು ಸಾವಿರ ಯಾರದೋ ಒಂದು ವಾರದ ದುಡಿಮೆ.

ಡಾಂಗ್ ಎಂಬ ಪದದ ಮೂಲ ಅರ್ಥ ತಾಮ್ರ, ಕಂಚು. ನಮ್ಮ ದುಡ್ಡು ಕೂಡ ಒಂದು ಕಾಲದ ತಾಮ್ರದ ನಾಣ್ಯವೇ. ಈಗ ಅದರ ಅತಿ ದೊಡ್ಡ ನೋಟು ಐದು ಲಕ್ಷದ್ದು. 1985ರಲ್ಲಿ ಹಣವನ್ನು ಬದಲಿಸುವ ಒಂದು ಸುಧಾರಣೆ ನಡೆದು, ಮರುವರ್ಷವೇ ಬೆಲೆಗಳು ಶೇಕಡಾ 700ಕ್ಕೂ ಮೀರಿ ಏರಿದ ನಾಡು ಅದು. ಆ ಸೊನ್ನೆಗಳು ಅಂದಿನಿಂದ ಉಳಿದ ಗಾಯದ ಗುರುತುಗಳು. ನಾವು ಹೋದಾಗ ಒಂದು ರೂಪಾಯಿಗೆ 290 ಡಾಂಗ್‌ಗಿಂತ ತುಸು ಹೆಚ್ಚು. ಅಪ್ಪ ವಿಮಾನದಲ್ಲಿಯೇ ಸೂತ್ರ ಮಾಡಿಕೊಂಡರು: ಮೂರು ಸೊನ್ನೆ ತೆಗೆ, ಮೂರೂವರೆಯಿಂದ ಗುಣಿಸು. ಇಪ್ಪತ್ತು ಸಾವಿರವೆಂದರೆ ಎಪ್ಪತ್ತು ರೂಪಾಯಿ, ಒಂದು ಲಕ್ಷವೆಂದರೆ ಮುನ್ನೂರೈವತ್ತು. ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಬಾಯಿಪಾಠ ಮಾಡಿದ ತಲೆಮಾರು ಅದು. ನಾನು ಫೋನು ತೆಗೆಯುವಷ್ಟರಲ್ಲಿ ಉತ್ತರ ಬಂದಿರುತ್ತಿತ್ತು. ಉತ್ತರ ನಿಜಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತಿತ್ತು, ಅದು ಬೇಕೆಂದೇ ಮಾಡಿದ್ದು. ಖರ್ಚನ್ನು ಮನಸ್ಸಿನಲ್ಲಿ ತುಸು ಹೆಚ್ಚಾಗಿ ಎಣಿಸಿದರೆ ಕೈ ತಾನಾಗಿ ಹಿಡಿತಕ್ಕೆ ಬರುತ್ತದೆ ಎಂದರು.

ಡಾಲರ್ ಬದಲಿಸಲು ಚಿನ್ನದಂಗಡಿಗೆ ಹೋಗಿ, ಬ್ಯಾಂಕಿಗಿಂತ ಒಳ್ಳೆಯ ದರ ಸಿಗುತ್ತದೆ ಎಂದು ಹೋಟೆಲಿನ ಪಕ್ಕದವರು ಹೇಳಿದರು. ಅದು ನಿಜ, ಅಲ್ಲಿನವರೆಲ್ಲ ಹಾಗೆಯೇ ಮಾಡುತ್ತಾರೆ. ಆದರೆ ಪರವಾನಗಿ ಇಲ್ಲದ ಚಿನ್ನದಂಗಡಿಯಲ್ಲಿ ಬದಲಿಸುವುದು ಅಲ್ಲಿ ಅಪರಾಧ, ಕೊಟ್ಟವನಿಗೂ ತೆಗೆದುಕೊಂಡವನಿಗೂ. 2018ರಲ್ಲಿ ಮೆಕಾಂಗ್ ನದಿಯ ಮುಖಜ ಭೂಮಿಯಲ್ಲಿರುವ ಕಾನ್ ಥೋ ನಗರದಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಕೇವಲ ನೂರು ಡಾಲರನ್ನು ಹಾಗೆ ಬದಲಿಸಿದ್ದಕ್ಕೆ 9 ಕೋಟಿ ಡಾಂಗ್ ದಂಡ ಹಾಕಿದ್ದರು. ಬದಲಿಸಿದ ಹಣದ ಸುಮಾರು ನಲವತ್ತು ಪಟ್ಟು. ಜನ ಗದ್ದಲವೆಬ್ಬಿಸಿದ ಮೇಲೆ ದಂಡ ಮನ್ನಾ ಆಯಿತು, ಆಮೇಲೆ ಸಣ್ಣ ಮೊತ್ತಗಳಿಗೆ ನಿಯಮವೂ ಮೃದುವಾಯಿತು. ಆದರೂ ಪರದೇಶದಲ್ಲಿ ಅಂಥ ಸಾಹಸ ಬೇಡವೆಂದು ಬ್ಯಾಂಕಿಗೇ ಹೋದೆವು. ಮಾರುಕಟ್ಟೆಯ ದರ ಡಾಲರಿಗೆ 25,450 ಡಾಂಗ್ ಇದ್ದಾಗ ಅವರು 25,300 ಕೊಟ್ಟರು. ನೂರಕ್ಕೆ ಅರವತ್ತು ಪೈಸೆಯೂ ಹೋಗಲಿಲ್ಲ. ಬೆಂಗಳೂರಿನಲ್ಲಿ ರೂಪಾಯಿಯಿಂದ ಡಾಲರಿಗೆ ಹೋಗುವಾಗ ಆದ ನಷ್ಟದ ಅರ್ಧಕ್ಕೂ ಕಡಿಮೆ. ಎಂಟು ದಿನಗಳಲ್ಲಿ ಮೂರು ಸಲ, ಒಟ್ಟು 660 ಡಾಲರ್ ಬದಲಿಸಿದೆವು. ಒಮ್ಮೆಗೇ ಎಲ್ಲವನ್ನೂ ಬದಲಿಸಬಾರದು. ಡಾಂಗ್ ಉಳಿದರೆ ಊರಿಗೆ ತಂದು ಮಾಡುವುದೇನೂ ಇಲ್ಲ, ಡಾಲರ್ ಉಳಿದರೆ ಡಾಲರಾಗಿಯೇ ಉಳಿಯುತ್ತದೆ.

ಹೋ ಚಿ ಮಿನ್ ಸಿಟಿಯಿಂದ ಡಾ ನಾಂಗ್‌ಗೆ, ಅಲ್ಲಿಂದ ಹೊಯ್ ಆನ್‌ಗೆ ಹೋದೆವು. ಹಳೆಯ ಬಂದರು ಪಟ್ಟಣ, ಹಳದಿ ಗೋಡೆಗಳ ಮನೆಗಳು, ಓಣಿಯ ತುಂಬ ಬಣ್ಣದ ಕಂದೀಲುಗಳು. ಫೆಬ್ರುವರಿ 12, ಬುಧವಾರ. ಅಮ್ಮ ಬೆಳಿಗ್ಗೆಯೇ "ಇವತ್ತು ಭಾರತ ಹುಣ್ಣಿಮೆ" ಎಂದು ನೆನಪಿಸಿದರು. ಅಲ್ಲಿಯೂ ಅದು ದೊಡ್ಡ ದಿನ. ಅವರ ಹೊಸ ವರ್ಷದ ಮೊದಲ ಹುಣ್ಣಿಮೆ, ಮನೆಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಮಾರುಕಟ್ಟೆಯೊಳಗೆ ಹೋದವರು ಅಪ್ಪ ಇದ್ದಕ್ಕಿದ್ದಂತೆ ನಿಂತುಬಿಟ್ಟರು. ನೆಲದ ಮೇಲೆ ಬಿದಿರಿನ ತಟ್ಟೆಗಳಲ್ಲಿ ಹಸಿರು ಅಡಿಕೆಯ ಗೊನೆಗಳು, ಪಕ್ಕದಲ್ಲಿ ಜೋಡಿಸಿದ ವೀಳ್ಯದೆಲೆ. ಎಡೆಗೆ, ಮದುವೆಗೆ, ಮಾತು ಆರಂಭಿಸಲಿಕ್ಕೆ, ಎಲ್ಲದಕ್ಕೂ ಎಲೆ ಅಡಿಕೆ ಇಡುವ ಸಂಸ್ಕೃತಿ ಅದು. ಒಂದು ಎಲೆ ಅಡಿಕೆಯೇ ಮಾತಿನ ಮೊದಲು ಎಂಬ ಗಾದೆಯೇ ಅವರಲ್ಲಿದೆ.

ಅಪ್ಪ ಕುಕ್ಕರಗಾಲಿನಲ್ಲಿ ಕೂತು ಒಂದು ಅಡಿಕೆಯನ್ನು ಕೈಗೆತ್ತಿಕೊಂಡು ಉಗುರಿನಿಂದ ಒತ್ತಿದರು, ತಿರುಗಿಸಿ ತೊಟ್ಟು ನೋಡಿದರು. ಮಾರುತ್ತಿದ್ದ ಹೆಂಗಸಿಗೆ ಅಪ್ಪನಷ್ಟೇ ವಯಸ್ಸು. ಹಿಡಿದ ರೀತಿಯಿಂದಲೇ ಈತ ಬೆಳೆಗಾರ ಎಂದು ಆಕೆಗೆ ತಿಳಿದಿರಬೇಕು, ನಕ್ಕು ಇನ್ನೊಂದು ಗೊನೆಯನ್ನು ಮುಂದೆ ತಳ್ಳಿದರು. ಅಮ್ಮನಿಗೆ ಐದು ಅಡಿಕೆ, ಒಂದು ಹಿಡಿ ಎಲೆ ಬೇಕಿತ್ತು. ಆಕೆ ಕ್ಯಾಲ್ಕುಲೇಟರಿನಲ್ಲಿ 20 ಎಂದು ಒತ್ತಿ ತೋರಿಸಿದರು. ಅಲ್ಲಿ ಸಾವಿರವನ್ನು ಹೇಳುವುದೇ ಇಲ್ಲ. ಪಕ್ಕದಲ್ಲಿ ಕ್ಯೂಆರ್ ಕೋಡು ಇತ್ತು, ನಮ್ಮೂರಿನ ಸಂತೆಯ ಹಾಗೆಯೇ. ಆದರೆ ನಮ್ಮ ಯುಪಿಐ ಅಲ್ಲಿ ನಡೆಯಲಿಲ್ಲ. ಅಪ್ಪ ಜೇಬಿನಿಂದ ಒಂದು ನೀಲಿ ನೋಟು ತೆಗೆದು ಕೊಟ್ಟರು.

ಆಕೆ ಅದನ್ನು ತೆಗೆದುಕೊಳ್ಳಲಿಲ್ಲ. ಅಪ್ಪನ ಕೈಯನ್ನು ಹಿಂದಕ್ಕೆ ತಳ್ಳಿ, ತಲೆಯಲ್ಲಾಡಿಸಿ, ತಮ್ಮ ಸೆರಗಿನಂಥ ಚೀಲದಿಂದ ಇನ್ನೊಂದು ನೀಲಿ ನೋಟು ತೆಗೆದು ಎರಡನ್ನೂ ಅಕ್ಕಪಕ್ಕ ಹಿಡಿದು ತೋರಿಸಿದರು. ಅಪ್ಪ ಕೊಟ್ಟದ್ದು ಐದು ಲಕ್ಷದ ನೋಟು. ಕೊಡಬೇಕಾದದ್ದು ಇಪ್ಪತ್ತು ಸಾವಿರದ್ದು. ಎಪ್ಪತ್ತು ರೂಪಾಯಿಯ ಜಾಗದಲ್ಲಿ ಸಾವಿರದ ಏಳುನೂರು. ಎರಡೂ ನೀಲಿ, ಎರಡರ ಮೇಲೂ ಹೋ ಚಿ ಮಿನ್ ಅವರ ಚಿತ್ರ. ಹಿಂಬದಿ ತಿರುಗಿಸಿದರೆ ಮಾತ್ರ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಐದು ಲಕ್ಷದ್ದರಲ್ಲಿ ಹೋ ಚಿ ಮಿನ್ ಬೆಳೆದ ಹುಲ್ಲು ಮಾಡಿನ ಮನೆ, ಇಪ್ಪತ್ತು ಸಾವಿರದ್ದರಲ್ಲಿ ಅದೇ ಹೊಯ್ ಆನ್‌ನ ಹಳೆಯ ಜಪಾನಿ ಸೇತುವೆ. ನಾವು ಅರ್ಧ ಗಂಟೆ ಮೊದಲು ಆ ಸೇತುವೆಯ ಮುಂದೆ ನಿಂತು ಬಂದಿದ್ದೆವು. ಅಂದಿನಿಂದ ಅಪ್ಪ ಐದು ಲಕ್ಷದ ನೋಟುಗಳನ್ನು ಅಂಗಿಯ ಒಳಜೇಬಿಗೆ, ಉಳಿದವನ್ನು ಹೊರಜೇಬಿಗೆ ಹಾಕಿದರು. ಆ ದಿನದ ಪುಟದಲ್ಲಿ 'ಅಡಿಕೆ, ಎಲೆ: 20' ಎಂದು ಬರೆದು, ಬಲಗಡೆಯ ಕಾಲಂನಲ್ಲಿ ಒಂದು ಗೀಟು ಎಳೆದರು, ಏನೂ ಹೋಗಿಲ್ಲ ಎಂಬ ಅರ್ಥದಲ್ಲಿ.

ಅದೇ ಊರಿನಲ್ಲಿ ಎರಡು ದಿನಗಳ ನಂತರ ಹೋಟೆಲಿನ ಬಿಲ್ಲು ಕಟ್ಟುವಾಗ ಫ್ರಾಂಕ್‌ಫರ್ಟ್ ಮತ್ತೆ ಎದುರಾಯಿತು. ಎರಡು ಕೋಣೆ, ಮೂರು ರಾತ್ರಿ, 43,50,000 ಡಾಂಗ್. ಕೌಂಟರಿನ ಹುಡುಗಿ ಯಂತ್ರವನ್ನು ನನ್ನ ಕಡೆ ತಿರುಗಿಸುವ ಮೊದಲೇ, ಬಹಳ ಸೌಜನ್ಯದಿಂದ, "ನಿಮಗೆ ಅನುಕೂಲವಾಗಲೆಂದು ರೂಪಾಯಿ ಆರಿಸುತ್ತೇನೆ" ಎಂದರು. ಪರದೆಯ ಮೇಲೆ 15,850 ರೂಪಾಯಿ. ಅಪ್ಪ ನನ್ನ ಭುಜದ ಹಿಂದಿನಿಂದ ನೋಡುತ್ತಿದ್ದವರು, "ಕೂಸೆ, ಇದು ಹದಿನೈದನ್ನು ದಾಟಬಾರದಲ್ಲ" ಎಂದರು. ನಾನು ರದ್ದು ಮಾಡಿಸಿ, ಡಾಂಗ್‌ನಲ್ಲಿಯೇ ಹಾಕಲು ಹೇಳಿದೆ. ಹೆಚ್ಚುವರಿ ಶುಲ್ಕವಿಲ್ಲದ ಕಾರ್ಡಿನಲ್ಲಿ ಆ ಬಿಲ್ಲು 14,900 ರೂಪಾಯಿಗೆ ಮುಗಿಯಿತು. ಆ ಹುಡುಗಿಯ ತಪ್ಪೇನೂ ಇಲ್ಲ, ನಮ್ಮ ಊರಿನ ಹಣ ಕಂಡರೆ ನಮಗೆ ನೆಮ್ಮದಿ ಎಂದು ಅವರಿಗೆ ಕಲಿಸಿರುತ್ತಾರೆ. ಆ ನೆಮ್ಮದಿಯ ಬೆಲೆ 950 ರೂಪಾಯಿ, ಅಪ್ಪ ಅಮ್ಮನ ಎರಡು ದಿನದ ಊಟ. ರೂಪಾಯಿ ಆರಿಸಿದ್ದರೆ ಅದರ ಮೇಲೆ ಮತ್ತೊಮ್ಮೆ ಶುಲ್ಕ ಹಾಕುವ ಬ್ಯಾಂಕುಗಳೂ ನಮ್ಮಲ್ಲಿವೆ. ಯಂತ್ರ ಏನೇ ಕೇಳಲಿ, ನಿಂತ ನೆಲದ ಹಣದಲ್ಲೇ ಕೊಡಬೇಕು.

ಎಟಿಎಂ ಬಳಸುವ ಪ್ರಮೇಯ ಬರಲಿಲ್ಲ. ಬಳಸುವುದಾದರೆ ಒಂದೇ ಸಲಕ್ಕೆ ಸಾಕಷ್ಟು ತೆಗೆಯುವುದು ಉತ್ತಮ, ಏಕೆಂದರೆ ಅಲ್ಲಿನ ಬ್ಯಾಂಕಿನ ಶುಲ್ಕವೂ ನಮ್ಮ ಬ್ಯಾಂಕಿನ ಶುಲ್ಕವೂ ಎಷ್ಟು ಸಲ ತೆಗೆದೆವು ಎಂಬುದರ ಮೇಲೆ ಬೀಳುತ್ತವೆ. ಥಾಯ್ಲೆಂಡಿನಲ್ಲಿ ವಿದೇಶಿ ಕಾರ್ಡಿಗೆ ಪ್ರತಿ ಸಲಕ್ಕೂ 220 ಬಾತ್ ಹಿಡಿಯುವುದನ್ನು ಕಂಡಿದ್ದೇನೆ, ಸಾವಿರ ಬಾತ್ ತೆಗೆದರೂ ಅಷ್ಟೇ, ಇಪ್ಪತ್ತು ಸಾವಿರ ತೆಗೆದರೂ ಅಷ್ಟೇ. ಕ್ರೆಡಿಟ್ ಕಾರ್ಡಿನಿಂದ ಮಾತ್ರ ನಗದು ತೆಗೆಯಬಾರದು, ಬಡ್ಡಿ ಅದೇ ದಿನದಿಂದ ಓಡುತ್ತದೆ. ಮೊದಲೇ ಹಣ ತುಂಬಿಸುವ ಫಾರೆಕ್ಸ್ ಕಾರ್ಡು ಡಾಲರ್, ಯೂರೋ, ಪೌಂಡ್ ನಡೆಯುವ ಕಡೆ ಒಳ್ಳೆಯದು. ಅದರಲ್ಲಿ ಡಾಲರ್ ತುಂಬಿಸಿ ಡಾಂಗ್‌ನಲ್ಲಿ ಖರ್ಚು ಮಾಡಿದರೆ ಒಂದು ಹಣದಿಂದ ಇನ್ನೊಂದಕ್ಕೆ ದಾಟಿಸಿದ ಶುಲ್ಕ ಬೀಳುತ್ತದೆ. ಕೆಲವು ಕಾರ್ಡುಗಳಲ್ಲಿ ಅದು ಸಾಮಾನ್ಯ ಕಾರ್ಡಿನ ಮೂರೂವರೆಯಷ್ಟೇ ಇರುತ್ತದೆ. ಭೂತಾನಿನಲ್ಲಿ 2021ರಿಂದ, ಶ್ರೀಲಂಕಾ ಮತ್ತು ಮಾರಿಷಸ್‌ನಲ್ಲಿ 2024ರಿಂದ ನಮ್ಮ ಯುಪಿಐ ನಡೆಯುತ್ತಿದೆ. ಅಲ್ಲಿಯೂ ಹಣ ಬದಲಾಗುತ್ತದೆ, ದರ ಒಂದು ಇದ್ದೇ ಇರುತ್ತದೆ, ಕೊಡುವ ಮೊದಲು ಪರದೆಯ ಮೇಲಿನ ರೂಪಾಯಿಯ ಮೊತ್ತವನ್ನು ನೋಡಬೇಕು. ಭೂತಾನಿನಲ್ಲಿ ಮಾತ್ರ ಒಂದು ರೂಪಾಯಿಗೆ ಒಂದು ನ್ಗುಲ್ಟ್ರಮ್, ಲೆಕ್ಕ ಸಲೀಸು.

ಕೊನೆಯ ದಿನ ಅಪ್ಪ ಉಳಿದ ಡಾಂಗ್‌ಗಳನ್ನು ಹಾಸಿಗೆಯ ಮೇಲೆ ಹರಡಿ, ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿಗೆ ಇಷ್ಟು, ಅಲ್ಲಿ ಕಾಫಿಗೆ ಇಷ್ಟು ಎಂದು ಬೇರೆ ಮಾಡಿದರು. ಮಿಕ್ಕದ್ದಕ್ಕೆ ಅಮ್ಮ ಕಾಫಿಪುಡಿ ಕೊಂಡರು. 340 ಡಾಲರ್ ಉಳಿಯಿತು. ಊರಿಗೆ ಬಂದ 180 ದಿನಗಳೊಳಗೆ ಅದನ್ನು ಮಾರಬೇಕು ಎಂದು ನಿಯಮ, ಆದರೆ 2,000 ಡಾಲರ್‌ವರೆಗೆ ನೋಟುಗಳನ್ನು ಇಟ್ಟುಕೊಳ್ಳಲು ಅವಕಾಶ ಇದೆ. ಮಾರಿದರೆ ಇನ್ನೊಮ್ಮೆ ಧಾರಣೆಯಲ್ಲಿ ಹೋಗುತ್ತದೆಂದು ಇಟ್ಟುಕೊಂಡೆವು.

ಒಂದು ತಿಂಗಳ ನಂತರ ಕ್ರೆಡಿಟ್ ಕಾರ್ಡಿನ ವಿವರಪಟ್ಟಿ ಬಂತು. ಆ ವಾರಾಂತ್ಯ ಊರಿಗೆ ಹೋಗಿದ್ದೆ. ಅಪ್ಪ ಅದನ್ನು ಮಾರಾಟದ ಪಟ್ಟಿಯ ಹಾಗೆಯೇ ಜಗಲಿಯ ಮೇಲೆ ಹರಡಿಕೊಂಡು ಸಾಲುಸಾಲಾಗಿ ನೋಡಿದರು. ಒಂದು ಕಡೆ ಬೆರಳು ನಿಂತಿತು. ಹೋ ಚಿ ಮಿನ್ ಸಿಟಿಯ ಹೋಟೆಲಿನವರು ಠೇವಣಿ ಎಂದು 20 ಲಕ್ಷ ಡಾಂಗ್ ಹಿಡಿದು, ಹೊರಡುವಾಗ ಪೂರ್ತಿಯಾಗಿ ಹಿಂದಿರುಗಿಸಿದ್ದರು. ಕೋಣೆ ಕಾಯ್ದಿರಿಸಿದ್ದು ಹಳೆಯ ಕಾರ್ಡಿನಲ್ಲಾದ್ದರಿಂದ ಠೇವಣಿಯೂ ಅದರಲ್ಲೇ ಆಗಿತ್ತು. ಹೋಗುವಾಗ 6,840 ರೂಪಾಯಿ, ಅದರ ಮೇಲೆ ಮೂರೂವರೆ, ಅದರ ಮೇಲೆ ಜಿಎಸ್‌ಟಿ, ಒಟ್ಟು 7,122. ಬರುವಾಗ ಆ ದಿನದ ದರದಲ್ಲಿ 6,790. ಮೇಲಿನ ಶುಲ್ಕ ಹಿಂದಿರುಗಲಿಲ್ಲ, ಹಿಂದಿರುಗುವುದೂ ಇಲ್ಲ. ಒಂದು ರೂಪಾಯಿಯ ವಸ್ತುವನ್ನೂ ಕೊಳ್ಳದೆ 332 ರೂಪಾಯಿ ಹೋಗಿತ್ತು. ಠೇವಣಿಯನ್ನು ನಗದಿನಲ್ಲಿ ಕೊಟ್ಟಿದ್ದರೆ ಇದು ಉಳಿಯುತ್ತಿತ್ತು. ನನಗೆ ಇದು ಗೊತ್ತಿರಲಿಲ್ಲ, ಆ ಸಾಲು ನೋಡಿಯೇ ಕಲಿತೆ.

ಅಪ್ಪ ಬಲಗಡೆಯ ಕಾಲಂ ಕೂಡಿಸಿದರು. ವೀಸಾದ್ದು 269, ಡಾಲರ್ ಕೊಳ್ಳುವಾಗ 1,258, ಡಾಂಗ್ ಕೊಳ್ಳುವಾಗ 340, ಠೇವಣಿಯದ್ದು 332. ಒಟ್ಟು 2,199. ಎಡಗಡೆಯ ಖರ್ಚು, ಎಲ್ಲ ಸೇರಿ, ಒಂದು ಲಕ್ಷದ ಏಳು ಸಾವಿರ.

"ನೂರಕ್ಕೆ ಎರಡು ರೂಪಾಯಿ" ಎಂದರು. ಅಡಿಕೆ ಮಾರಿ ಬಂದ ದಿನಗಳಲ್ಲಿ ಮಾಡುತ್ತಿದ್ದಂತೆಯೇ ಆ ಅಂಕಿಯ ಕೆಳಗೆ ಎರಡು ಗೀಟು ಎಳೆದರು. ಪುಸ್ತಕ ಮುಚ್ಚಲಿಲ್ಲ. ಹೊಸ ಪುಟ ತಿರುಗಿಸಿ, ಮೇಲೆ '2016, ಜರ್ಮನಿ' ಎಂದು ಬರೆದು ನನ್ನ ಮುಖ ನೋಡಿದರು.

"ಆ ಪಟ್ಟಿ ಇದೆಯಲ್ಲ? ತೆಗೆದುಕೊಂಡು ಬಾ."